ಯಾರ ಮನೆ ಊಟದ ಮಾತು

ಅವನ ಬಲಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಬೆರಳುಗಳು ಅರ್ಧ ಮಡಚಿಕೊಂಡೇ ಇರುತ್ತಿದ್ದವು, ಕಾಣದ ಹಿಡಿಯೊಂದನ್ನು ಹಿಡಿದ ಹಾಗೆ. ಎಲೆಗೆ ಸುಣ್ಣ ಸವರುವಾಗ, ನಮ್ಮ ಅಪ್ಪನಿಗೆ ಸಲಾಮು ಹೊಡೆಯುವಾಗ, ಕೊನೆಗೆ ಸುಮ್ಮನೆ ಕಟ್ಟೆಯ ಮೇಲೆ ಕೂತಾಗ ಕೂಡ ಆ ಕೈ ಹಾಗೆಯೇ. ಇಪ್ಪತ್ತೆರಡು ವರ್ಷ ಛಾಪಾ ಹಿಡಿದ ಕೈ ಅದು.

ಛಾಪಾ ಎಂದರೇನೆಂದು ಈಗಿನವರಿಗೆ ಹೇಳಬೇಕು. ಕುಮಟೆಯ ಹತ್ತಿರದ ಉಪ್ಪಿನ ಆಗರಗಳಲ್ಲಿ ಸಂಜೆಗೆ ಉಪ್ಪನ್ನು ರಾಶಿ ಮಾಡುತ್ತಿದ್ದರು. ಇನ್ನೂ ಒದ್ದೆಯಾಗಿರುವ ಆ ರಾಶಿಯ ಮೈಮೇಲೆ, ಇಂಗ್ಲಿಷ್ ಅಕ್ಷರ ಕೆತ್ತಿದ ಮರದ ಹಲಗೆಯೊಂದನ್ನು ಸುತ್ತಲೂ ಒತ್ತಿಕೊಂಡು ಬರಬೇಕು. ಬೆಳಿಗ್ಗೆ ಅಕ್ಷರ ಅಳಿಸಿಹೋಗಿದ್ದರೆ ಯಾರೋ ಕೈಹಾಕಿದ್ದಾರೆ ಎಂದರ್ಥ. ಆಗ ಉಪ್ಪಿಗೆ ತೆರಿಗೆ ಇತ್ತು. ತಾವೇ ಬಿಸಿಲಲ್ಲಿ ನಿಂತು ಕೆರೆದು ತೆಗೆದ ಉಪ್ಪಿನಲ್ಲಿ ಒಂದು ಮುಷ್ಟಿಯನ್ನೂ ಆಗರದವರು ಮನೆಗೆ ಒಯ್ಯುವಂತಿರಲಿಲ್ಲ. ಅಪ್ಪ ಅಲ್ಲಿಯ ಉಪ್ಪಿನ ಇಲಾಖೆಯ ಇನ್ಸ್‌ಪೆಕ್ಟರು. ಅವನು ಅಪ್ಪನ ಕೈಕೆಳಗಿನ ಛಾಪಾ ಸಿಪಾಯಿ. ನಮ್ಮ ಕ್ವಾರ್ಟರ್ಸ್ ಹಿಂದೆಯೇ ಅವನ ಗುಡಿಸಲು.

ಅವನು, ಅವನು ಎಂದು ಬರೆಯುತ್ತಿದ್ದೇನೆ. ಅಪ್ಪನಿಗಿಂತ ಹಿರಿಯ. ಅವರು ಎಂದು ಬರೆಯಲು ಎರಡು ಸಲ ಹೊರಟೆ, ಪೆನ್ನು ಕೇಳಲಿಲ್ಲ. ಮನೆಯಲ್ಲಿ ಕಲಿತದ್ದು ತೊಂಬತ್ತರ ಹತ್ತಿರವೂ ಬಿಡುವುದಿಲ್ಲ.

ನಾನು ಕಾನ್ವೆಂಟಿನ ಬೋರ್ಡಿಂಗ್‌ನಿಂದ ರಜೆಗೆ ಬಂದ ಕೂಡಲೇ ಅವನು ಬರುತ್ತಿದ್ದ. ಮಡಚಿದ ಆ ಕೈಯನ್ನು ನನ್ನ ನೆತ್ತಿಯ ಮೇಲಿಟ್ಟು ಒಮ್ಮೆ ಒತ್ತುವನು. "ಛಾಪಾ ಬಿತ್ತು. ಇನ್ನು ನಿನ್ನ ಯಾರೂ ಕದಿಯೂಕಾಗೂದಿಲ್ಲ, ತಂಗೀ."

ಸಂಜೆ ಆಗರದ ಹೆಂಗಸರು ಮನೆಗೆ ಹೊರಟಾಗ ಅವರ ಸೆರಗಿನ ಗಂಟು, ಬುಟ್ಟಿ ತಪಾಸಣೆ ಮಾಡುವುದೂ ಅವನ ಡ್ಯೂಟಿ. ಅವನು ಗೇಟಿನ ಹತ್ತಿರ ಬಂದವನೇ ಸಮುದ್ರದ ಕಡೆ ತಿರುಗಿ ನಿಂತು ಮೂರು ಸಲ ಕೆಮ್ಮುತ್ತಿದ್ದ. ಅಷ್ಟರಲ್ಲಿ ಹೆಂಗಸರು ದಾಟಿಬಿಡಬೇಕು. ಒಂದು ಹೊತ್ತಿನ ಮೀನುಸಾರಿಗೆ ಸಾಕಾಗುವಷ್ಟು ಉಪ್ಪು ಸೆರಗಿನಲ್ಲಿ ದಾಟುತ್ತಿತ್ತು. ಜಗುಲಿಯ ಆರಾಮಕುರ್ಚಿಯಲ್ಲಿದ್ದ ಅಪ್ಪ ಆ ಕೆಮ್ಮು ಕೇಳಿದ ಕೂಡಲೇ ನ್ಯೂಸ್‌ಪೇಪರನ್ನು ಮುಖದ ತನಕ ಎತ್ತುತ್ತಿದ್ದರು. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ.

ಉಂಡ ಮನೆಯ ಮಾತೇ ಬಾಯಿಗೆ ಬರುವುದು ಎಂಬುದು ಅವನ ಲೆಕ್ಕ; ಅದರಿಂದಲೇ ಅವನದೊಂದು ಪ್ರಶ್ನೆ ಇತ್ತು. ಯಾರಾದರೂ ರಾಜಕಾರಣದ ಮಾತು ಎತ್ತಿದರೆ ಸಾಕು, ತಲೆ ಓರೆ ಮಾಡಿ ಕೇಳುತ್ತಿದ್ದ: "ಇದು ಯಾರ ಮನೆ ಊಟದ ಮಾತಾ?"

ಒಮ್ಮೆ ಟಪಾಲಿನವನು ಸೈಕಲ್ ಇಳಿಯುವ ಮೊದಲೇ ಸಾರಿದ: "ಜಪಾನಿನವ ಬಂದೇ ಬಿಟ್ಟ. ಇನ್ನು ಇಂಗ್ಲಿಷರ ಕತೆ ಆತು!"

"ಯಾರ ಮನೆ ಊಟದ ಮಾತಾ ಇದು?"

"ಪೇಟೆ ಹೊಟೇಲಿಂದು. ನಿನ್ನ ಮಾತು ಯಾರ ಮನೇದಾ ಮತ್ತೆ?"

"ನಂದು ಗಂಜಿ ಊಟದ್ದು ಮಾರಾಯಾ. ಅದಕ್ಕೇ ದನಿ ಸಣ್ಣ."

ಟಪಾಲಿನವನು ನಕ್ಕುಬಿಟ್ಟ. ನಾನೂ ನಕ್ಕೆ. ಅದು ನನ್ನನ್ನೇ ಕೇಳುವ ಪ್ರಶ್ನೆ ಎಂದು ಹೊಳೆಯುವ ವಯಸ್ಸಲ್ಲ.

ನನ್ನ ಮಾತುಗಳು ಎಲ್ಲೆಲ್ಲಿ ಉಂಡವು ಎಂದು ಈಗ ಹೇಳಬಲ್ಲೆ. ನಮ್ಮ ಹಾಲ್‌ನಲ್ಲಿ ದೇವರ ಫೋಟೋಗಳ ಪಕ್ಕ ಕಿಂಗ್ ಜಾರ್ಜ್ ಇದ್ದ. ನನ್ನ ಆಯಿ, ಅಂದರೆ ಅಮ್ಮ, ಅವನ ಗಾಜನ್ನೂ ಅದೇ ಬಟ್ಟೆಯಿಂದ ಒರೆಸುತ್ತಿದ್ದಳು. ಕಾನ್ವೆಂಟಿನಲ್ಲಿ ಸಿಂಗಾಪುರ ಬಿದ್ದ ಸುದ್ದಿ ಬಂದ ದಿನ ಸಿಸ್ಟರ್ ಚಾಪೆಲ್‌ನಲ್ಲಿ ಅತ್ತರು, ನಾವು ಹುಡುಗಿಯರೂ ಸಾಲಾಗಿ ಅತ್ತೆವು. ಸಿಂಗಾಪುರ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಧಾರವಾಡದಲ್ಲಿ ಓದುತ್ತಿದ್ದ ಸೋದರಮಾವನ ಮಗ ಕ್ರಿಸ್‌ಮಸ್ ರಜೆಯಲ್ಲಿ ಬಂದ. ಖಾದಿ ಜುಬ್ಬಾ, ಕೆದರಿದ ಕೂದಲು. ಅಪ್ಪ ಕಚೇರಿಗೆ ಹೋದ ಮೇಲೆ ಊಟದ ಮನೆಯಲ್ಲಿ ಅವನ ಭಾಷಣ. ಒಂದೇ ವಾರದಲ್ಲಿ ನಾನು ಕಿಂಗ್ ಜಾರ್ಜನನ್ನು ದ್ವೇಷಿಸಲು ಕಲಿತೆ, ಅದು ನನ್ನದೇ ಸ್ವಂತ ಕನ್ವಿಕ್ಷನ್ ಎಂದು ಬೇರೆ ತಿಳಿದೆ. ಫೆಬ್ರವರಿಯಲ್ಲಿ ಅವನನ್ನು ಜೈಲಿಗೆ ಹಾಕಿದರು. ನನ್ನ ಕನ್ವಿಕ್ಷನ್‌ಗೆ ಇನ್ನಷ್ಟು ಮೆರುಗು ಬಂತು.

ನಲವತ್ತಮೂರರ ಮೇ ತಿಂಗಳು. ನನಗೆ ಹದಿಮೂರು. ಸಿಪಾಯಿ ಛಾಪಾ ತೊಳೆಯುತ್ತಾ ಕೂತಿದ್ದ. ಭಟ್ಕಳದ ಬಡಗಿ ಕೆತ್ತಿದ ಹಲಗೆ, ಅಕ್ಷರದ ಸಂದಿನ ಉಪ್ಪನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದ. ನಾನು ಎದುರು ನಿಂತು ಹೇಳಿದೆ:

"ನಿನಗೆ ನಾಚಿಕೆ ಆಗೂದಿಲ್ವಾ? ನಮ್ಮ ಉಪ್ಪಿಗೆ ಅವರ ಮುದ್ರೆ ಒತ್ತೂದಕ್ಕೆ? ನೀನೊಬ್ಬ ಗುಲಾಮ."

ಅವನು ತಲೆ ಎತ್ತದೆ ಕೇಳಿದ, "ಯಾರ ಮನೆ ಊಟದ ಮಾತಾ, ತಂಗೀ?"

"ನಂದೇ ಮಾತು."

"ಹೌದನಾ?" ಅವನು ನಕ್ಕ. "ಹಂಗಾರೆ ಜುಬ್ಬಾ ಹಾಕ್ಕಂಡು ಬಂದವ್ರು ನಿಂಗೆ ಮಾತು ಕೊಡ್ಲಿಲ್ಲ, ಬರೀ ಚಕ್ಕುಲಿ ಕೊಟ್ಟು ಹೋದ್ರು ಕಾಣ್ತದೆ."

ಆ ನಗು ನನ್ನನ್ನು ಸುಟ್ಟಿತು. ಆ ಸಂಜೆಯೇ, ಅವನು ಛಾಪಾ ಒತ್ತಿ ಹಿಂದಿರುಗಿದ ಮೇಲೆ, ಇನ್ನೂ ಸೂರ್ಯ ಮುಳುಗಿರಲಿಲ್ಲ, ನಾನು ಫ್ರಾಕು ಎತ್ತಿಹಿಡಿದು ದೊಡ್ಡ ರಾಶಿಯ ಹತ್ತಿರ ಹೋದೆ. ಎರಡೂ ಕೈಯಿಂದ ಅಕ್ಷರಗಳನ್ನು ಅಳಿಸಿದೆ. ಒಂದು ಮುಷ್ಟಿ ಉಪ್ಪು ತೆಗೆದೆ. ಕೈಗಳು ಉರಿದವು. ಹೌ ಗ್ರ್ಯಾಂಡ್ ಇಟ್ ಫೆಲ್ಟ್. ಉಪ್ಪನ್ನು ಫ್ರಾಕಿನ ಕಿಸೆಗೆ ತುಂಬಿ, ಟ್ರಂಕಿನ ತಳದಲ್ಲಿ ಅಡಗಿಸಿಟ್ಟೆ. ಕೈ ಒರೆಸಿದ ಕರ್ಚೀಫನ್ನು ರಾಶಿಯ ಬುಡದಲ್ಲಿ ಬಿಟ್ಟು ಬಂದದ್ದು ನೆನಪಾಗಲಿಲ್ಲ. ಅದರ ಮೂಲೆಯಲ್ಲಿ, ಸಿಸ್ಟರ್ ನೀಡಲ್‌ವರ್ಕ್ ಕ್ಲಾಸಿನಲ್ಲಿ ಹಾಕಿಸಿದ ನನ್ನ ಹೆಸರಿನ ಮೊದಲಕ್ಷರ, ನೀಲಿ ದಾರದಲ್ಲಿ.

ಮರುದಿನ ಬೆಳಿಗ್ಗೆಯೇ ಮೇಲಿನ ಸಾಹೇಬ ಇನ್‌ಸ್ಪೆಕ್ಷನ್‌ಗೆ ಬರುವವನಿದ್ದ. ಅದು ನನಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಅಳಿಸಿದ ಛಾಪಾ ಎಂದರೆ ಬರೀ ಕಳ್ಳತನವಲ್ಲ, ಸರ್ಕಾರದ ವಿರುದ್ಧದ ಕೆಲಸ. ಸಾಹೇಬ ಹಿಂದಿನ ದಿನ ಆ ರಾಶಿಗೆ ಉಪ್ಪು ಹೊತ್ತ ಹೆಂಗಸರನ್ನೆಲ್ಲ ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿದ. ಪೊಲೀಸರಿಗೆ ಒಪ್ಪಿಸಿ ಎಂದ. ಒಬ್ಬಳ ಸೊಂಟದಲ್ಲಿ ಮಗುವಿತ್ತು. ನಾನು ಜಗುಲಿಯ ಕಂಬದ ಹಿಂದೆ ನಿಂತಿದ್ದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಜೈಲಿಗೆ ಹೋಗುವ ಕನಸು ಕಂಡವಳು ನಾನೇ. ಕಂಬ ಬಿಟ್ಟು ಈಚೆ ಬರಲಿಲ್ಲ.

ಸಿಪಾಯಿ ಮುಂದೆ ಬಂದ. "ಸಾಹೇಬ್ರೇ, ಹೆಂಗಸ್ರದ್ದು ಎಂತದೂ ಇಲ್ಲ. ನಿನ್ನೆ ನಾನೇ ಆ ರಾಶಿಗೆ ಛಾಪಾ ಹೊಡೀಲಿಲ್ಲ. ಜ್ವರ ಇತ್ತು, ಬಿಟ್ಟೆ."

ಅಪ್ಪ ಅವನ ಮುಖ ನೋಡಿದರು. ಅವನು ಛಾಪಾ ಒತ್ತುವುದನ್ನು ಅಪ್ಪ ಹಿಂದಿನ ಸಂಜೆ ಕುರ್ಚಿಯಲ್ಲಿ ಕೂತು ನೋಡಿದ್ದರು. ಆದರೂ ಸಿಪಾಯಿಯ ಮಾತನ್ನು ಇಂಗ್ಲಿಷಿನಲ್ಲಿ ಸಾಹೇಬನಿಗೆ ಹಾಗೆಯೇ ಹೇಳಿದರು. ಅಲ್ಲೇ ಡಿಸ್‌ಮಿಸ್. ಪಟ್ಟಿ ಬಿಚ್ಚಿ, ಎಂದ ಸಾಹೇಬ. ಅಪ್ಪ ತಮ್ಮ ಕೈಯಿಂದಲೇ ಅವನ ಸೊಂಟದ ಪಟ್ಟಿ ಬಿಚ್ಚಿ ಹಿತ್ತಾಳೆಯ ಬಿಲ್ಲೆಯನ್ನು ಮೇಜಿನ ಮೇಲಿಟ್ಟರು.

ಮಧ್ಯಾಹ್ನ ಗುಡಿಸಲಿಗೆ ಹೋದೆ. ಅವನ ಹೆಂಡತಿ ಮಡಕೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಅವನು ಎದ್ದು ನಿಂತ. ನನ್ನ ಎದುರು ಅವನು ಎದ್ದು ನಿಂತದ್ದು ಅದೇ ಮೊದಲು. ಮಡಿಚಿಟ್ಟ ಕರ್ಚೀಫನ್ನು ಕೊಟ್ಟ.

"ಇದು ನಿಮ್ಮದು, ಬಾಯೋರೇ."

ತಂಗೀ ಅನ್ನಲಿಲ್ಲ. ಆ ಬಾಯೋರೇ ಕೇಳಿ ನಾನು ಅತ್ತುಬಿಟ್ಟೆ. "ಎಂತಕೆ ನನ್ನ ಹೆಸರು ಹೇಳಲಿಲ್ಲ ನೀನು?"

"ಹೇಳಿದ್ರೆ ನಿಮ್ಮ ಅಪ್ಪನ ಕೆಲಸ ಹೋಗ್ತಿತ್ತು. ಆ ಕುರ್ಚಿಗೆ ಬೇರೆ ಸಾಹೇಬ ಬತ್ತಿದ್ದ. ಅಂವ ನಂಗೆ ಕೆಮ್ಮೂಕೆ ಬಿಡ್ತಿದ್ನಾ?"

ಆಮೇಲೆ ಅವನು ಕೂತ. ನನ್ನ ಕಡೆ ನೋಡದೆ, ಒಂದು ಹಳೆಯ ಮಾತು ಹೇಳಿದ. ಅವನ ಅಪ್ಪ ಇದೇ ಆಗರದಲ್ಲಿ ಉಪ್ಪು ಕೆರೆಯುವವ. ಇವನಿಗೆ ಎಂಟೋ ಒಂಬತ್ತೋ ವರ್ಷವಿದ್ದಾಗ, ಅಪ್ಪನ ಪಂಚೆಯ ಗಂಟಿನಲ್ಲಿ ಉಪ್ಪು ಸಿಕ್ಕಿತು. ಆಗಿನ ಸಿಪಾಯಿ ಎಲ್ಲರ ಎದುರು ಅಪ್ಪನನ್ನು ಮಂಡಿಯೂರಿಸಿ, ಬೆನ್ನಿಗೆ ಕೆಸರು ಬಳಿದು, ಅದರ ಮೇಲೆ ಛಾಪಾ ಒತ್ತಿದ.

"ಒಣಗೂವರಿಗೆ ಹಂಗೇ ಕೂಡ್ಸಿದ್ರು. ಜನ ಎಲ್ಲ ನಗಾಡ್ತಿದ್ರು. ನಮ್ಮವ್ರೇ. ಅವತ್ತೇ ನಾ ಹೇಳ್ಕಂಡೆ, ಸರ್ಕಾರ ಯಾರದ್ದಾದ್ರೂ ಇರ್ಲಿ, ಛಾಪಾ ಅಂತೂ ಇರೂದೇ. ಅದರ ಹಿಡಿ ನನ್ನ ಕೈಲಿರ್ಲಿ ಅಂತ." ಮಡಚಿದ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಅಂದ, "ನೀವು ಗುಲಾಮ ಅಂದ್ರಿ. ಇರೂಕೂ ಸಾಕು. ನಂದು ಆ ಮನೆ ಊಟದ ಮಾತು."

"ಈಗಲೇ ಹೋಗಿ ಅಪ್ಪನಿಗೆ ಹೇಳ್ತೇನೆ."

"ಹೇಳಿದ್ರೆ ನಿಮ್ಮ ಎದೆ ಹಗೂರಾತದೆ. ನನ್ನ ಬಿಲ್ಲೆ ತಿರುಗಿ ಬರೂದಿಲ್ಲ. ಹೋಗಿ, ಉಣ್ಣಿ."

ನಾನು ಹೇಳಲಿಲ್ಲ. ಅವನು ಬೇಡವೆಂದನಲ್ಲ ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡೆ. ಟು ಬಿ ಆನೆಸ್ಟ್, ಅದು ಬರೀ ಹೆದರಿಕೆ. ಅಪ್ಪನಿಗೆ ಗೊತ್ತಿತ್ತೋ ಏನೋ. ಆ ರಜೆಯಲ್ಲಿ ಅವರು ಮತ್ತೆ ಜಗುಲಿಯಲ್ಲಿ ಪೇಪರು ಓದಲಿಲ್ಲ. ಹೊಸ ಸಿಪಾಯಿ ಕೆಮ್ಮುತ್ತಿರಲಿಲ್ಲ.

ಹಳೆಯ ಸಿಪಾಯಿ, ಅವನ ಹೆಂಡತಿ ಇಬ್ಬರೂ ಅವಳ ತವರಿಗೆ ಹೋದರು, ಹೊನ್ನಾವರದಿಂದ ಶರಾವತಿ ದಾಟಿದರೆ ಸಿಗುವ ಊರು. ಅವನು ಹೊಳೆ ದಾಟಿಸುವ ತಾರಿಯ ದೋಣಿಗಳಿಗೆ ಮೂಟೆ ಹೊರುತ್ತಾನೆಂದು ಯಾರೋ ಹೇಳಿದರು. ನಾಲ್ಕು ವರ್ಷಕ್ಕೆ ಉಪ್ಪಿನ ತೆರಿಗೆ ಹೋಯಿತು, ಅದೇ ವರ್ಷ ಇಂಗ್ಲಿಷರೂ ಹೋದರು. ನಾನು ಬೊಂಬಾಯಿಯಲ್ಲಿ ಕಾಲೇಜು ಸೇರಿದೆ. ಖಾದಿ ಸೀರೆ ಉಟ್ಟೆ, ಸ್ಟಡಿ ಸರ್ಕಲ್‌ಗಳಲ್ಲಿ ಶೋಷಿತರ ಬಗ್ಗೆ ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಮಾತಾಡಿದೆ. ಅವನನ್ನು ನೋಡಲು ಹೋಗಲಿಲ್ಲ. ಹೊನ್ನಾವರದ ತಾರಿಯ ತನಕ ಬಂದು ಒಮ್ಮೆ ಹಿಂದಿರುಗಿದ್ದೇನೆ.

ನಲವತ್ತೊಂಬತ್ತರಲ್ಲಿ ಕೊನೆಗೂ ದಾಟಿದೆ. ಅವನು ಹೋಗಿ ಎರಡು ತಿಂಗಳಾಗಿತ್ತು. ಮಳೆಗಾಲದ ಜ್ವರ, ಎಂದಳು ಹೆಂಡತಿ. ಅವಳು ನನ್ನನ್ನು ಗುರುತಿಸಿದಳು, ಬೈಯಲಿಲ್ಲ. "ಹೊಳೆ ದಾಟಿ ಬಂದವ್ರು. ಊಟ ಮಾಡ್ಕಂಡೇ ಹೋಗ್ಬೇಕು," ಎಂದು ಆಗಷ್ಟೇ ಸಾರಿಸಿದ ನೆಲದ ಮೇಲೆ ಮಣೆ ಇಟ್ಟಳು. ಕೂತ ಮೇಲೆ ಗೊತ್ತಾಯಿತು, ಅದು ಮಣೆಯಲ್ಲ. ಹಿಡಿ ಕೊಯ್ದು ಬೋರಲು ಹಾಕಿದ ಛಾಪಾ.

"ತೆರಿಗೆ ತೆಗ್ದ ಮೇಲೆ ಆಗರದಲ್ಲಿ ಇದನ್ನೆಲ್ಲ ಒಲೆಗೆ ಹಾಕ್ತಿದ್ರಂತೆ. ಇವ್ರು ನಡಕೊಂಡು ಹೋಗಿ ಒಂದು ಕೇಳ್ಕಂಡು ಬಂದ್ರು. ದಿನಾ ಇದರ ಮೇಲೇ ಕೂತು ಉಣ್ಣೂದು."

ಗಂಜಿ ಬಡಿಸಿದಳು. ಉಪ್ಪು ತುಂಬಿದ ತೆಂಗಿನ ಗೆರಟೆಯನ್ನು ನನ್ನ ಕಡೆ ಸರಿಸಿದಳು. "ಬೇಕಾದಷ್ಟು ಹಾಕ್ಕಳ್ಳಿ. ಈಗ ಯಾರೂ ಕೇಳೂದಿಲ್ಲ."

"ಅವರು ನನ್ನ ಬಗ್ಗೆ ಏನಾದರೂ ಹೇಳಿದ್ರಾ?" ಅವರು ಎಂದು ಆ ಒಂದು ಸಲ ನನ್ನ ಬಾಯಿಗೆ ಬಂತು.

ಅವಳು ಯೋಚಿಸಿದಳು. "ಇಲ್ಲ," ಎಂದಳು. ಸುಳ್ಳು ಹೇಳಿ ನನ್ನನ್ನು ಸಂತೈಸುವ ದರ್ದು ಅವಳಿಗಿರಲಿಲ್ಲ.

ಉಂಡು ಎದ್ದಾಗ ಹಸಿ ನೆಲದ ಮೇಲೆ ಆ ಇಂಗ್ಲಿಷ್ ಅಕ್ಷರಗಳು ಮೂಡಿದ್ದವು, ನನ್ನ ಭಾರಕ್ಕೆ. ನಾನು ನೋಡುತ್ತಾ ನಿಂತೆ. ಅವಳು ಬಗ್ಗಿ ಅಂಗೈಯಿಂದ ಅದನ್ನು ಸಾರಿಸಿಬಿಟ್ಟಳು. "ಸಾರಿಸಿದ ದಿನ ಎಲ್ಲ ಹೀಂಗೇ. ಕೂತವ್ರು ಎದ್ದ ಮೇಲೆ ನಾ ಒರೆಸ್ತೆ," ಎಂದಳು.

ಮೊನ್ನೆ ಮೊಮ್ಮಗಳು ಕೇಳಿದಳು, ಅಜ್ಜಿ, ನೀನು ಯಾವ ಪಾರ್ಟಿ? ಎಪ್ಪತ್ತು ವರ್ಷದಲ್ಲಿ ನಾನು ಮೂರು ಪಾರ್ಟಿಗೆ ವೋಟು ಹಾಕಿದ್ದೇನೆ, ಪ್ರತಿ ಸಲವೂ ಗಟ್ಟಿಯಾಗಿ ಕಾರಣ ಕೊಟ್ಟಿದ್ದೇನೆ. ಈಗ ವಾದಕ್ಕೆ ಶಕ್ತಿಯಿಲ್ಲ, ಡಾರ್ಲಿಂಗ್, ಎಂದೆ. ಬೂತಿನಲ್ಲಿ ಬೆರಳಿಗೆ ಶಾಯಿ ಹಚ್ಚುವಾಗ ಪ್ರತಿ ಸಲ ಕಿವಿಯ ಹತ್ತಿರ ಅವನ ಪ್ರಶ್ನೆ ಬರುತ್ತದೆ. ಅಪ್ಪನ ಮನೆ, ಸಿಸ್ಟರ ಮನೆ, ಮಾವನ ಮಗನ ಮಾತು ಎಲ್ಲ ನೆನಪಾಗುತ್ತವೆ. ಆಮೇಲೆ ಆ ಹೊಳೆಯಾಚೆಯ ಗಂಜಿ. ಅಲ್ಲಿ ಉಂಡದ್ದು ಒಂದೇ ಒಂದು ಹೊತ್ತು. ಅದಕ್ಕೇ ಇರಬೇಕು, ನನ್ನ ದನಿಯೂ ಈಗ ಸಣ್ಣ.