ಹತ್ತು ಹೆಜ್ಜೆ ಹಿಂದೆ

ಅಕ್ಷತಾ, ಪವನ್, ಮೊನ್ನೆ ನೀವಿಬ್ಬರೂ ನನ್ನ ಟ್ರಂಕು ಕೆದಕಿ ಒಂದು ಪುಟ್ಟ ಹಿತ್ತಾಳೆ ಗಂಟೆಯನ್ನು ತೆಗೆದು ಬೆಕ್ಕಿನ ಕೊರಳಿಗೆ ಕಟ್ಟಿದಿರಲ್ಲ, ಆ ಬೆಕ್ಕು ಮನೆ ಸುತ್ತುವಾಗ ನಾನು ಹಿಟ್ಟು ನಾದುವುದನ್ನು ಬಿಟ್ಟು ಗೋಡೆ ನೋಡುತ್ತ ನಿಂತುಬಿಟ್ಟೆ. ಯಾವ ಊರಿನ ಗಂಟೆ ಎಂದು ಕೇಳಿದಿರಿ. ಜಪಾನಿನದು ಎಂದೆ. ನಕ್ಕಿರಿ. ನಗುವಂಥದ್ದೇ ಬಿಡಿ. ಕುಬಟೂರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು, ಬಸ್ಸಿನಲ್ಲಿ ಕಂಡಕ್ಟರಿಗೆ ಇಳಿಯುವ ಊರು ಹೇಳಲೂ ನಾಚುವವಳು, ಜಪಾನಿಗೆ ಹೋಗಿ ಬಂದಿದ್ದೇನೆಂದರೆ ಯಾರು ನಂಬುತ್ತಾರೆ?

ನಿಮ್ಮ ಅಜ್ಜ ಶಿಕಾರಿಪುರದಲ್ಲಿ ಪವರ್ ಟಿಲ್ಲರ್ ಮಾರುವ ಅಂಗಡಿ ಇಟ್ಟಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ವ್ಯಾಪಾರ ಚೆನ್ನಾಗಿ ಮಾಡಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿಯರ ಸಮೇತ ಜಪಾನ್ ತೋರಿಸಲು ಕರೆದೊಯ್ದರು. ನಾನು ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಕಟ್ಟಿಕೊಂಡು, ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟೆ. ಆ ಬೂಟು ಯಾರಿಗೂ ಕಾಣದಿರಲಿ ಎಂದು ನೆರಿಗೆಯನ್ನು ಎಷ್ಟು ಇಳಿಬಿಟ್ಟಿದ್ದೆನೆಂದರೆ, ವಿಮಾನ ನಿಲ್ದಾಣದಲ್ಲೇ ಎರಡು ಸಲ ಎಡವಿದೆ. ಕಾರ್ಖಾನೆ ತೋರಿಸಿದರು, ಎತ್ತರದ ಕಟ್ಟಡಗಳನ್ನು ತೋರಿಸಿದರು. ಅದೆಲ್ಲ ಈಗ ಕಲಸಿಹೋಗಿದೆ. ಉಳಿದಿರುವುದು ಒಂದು ದಾರಿ ಮಾತ್ರ.

ಅದು ಸಮುದ್ರದ ದಂಡೆಗುಂಟ ನಡೆಯುವವರಿಗೆಂದೇ ಮಾಡಿಟ್ಟ ಕಾಲುದಾರಿ. ಒಂದು ಮಗ್ಗುಲಿಗೆ ಗಾಳಿಗೆ ಬೆನ್ನು ಬಗ್ಗಿಸಿದ ಪೈನ್ ಮರಗಳು, ಇನ್ನೊಂದು ಮಗ್ಗುಲಿಗೆ ಸುಟ್ಟು ಕರಕಲಾದ ಇಟ್ಟಿಗೆಯ ಹಾಗೆ ಕಪ್ಪಗಿನ ಬಂಡೆ, ಅದರ ಬುಡದಲ್ಲಿ ನೀರು. ನಾನು ಅಲ್ಲಿಯತನಕ ನೋಡಿದ ದೊಡ್ಡ ನೀರೆಂದರೆ ನಮ್ಮ ಕಡೆಯ ಅಂಬ್ಲಿಗೊಳ ಅಣೆಕಟ್ಟಿನದು. ಅದು ಸುಮ್ಮನಿರುವ ನೀರು. ಇದು ಒಂದು ಗಳಿಗೆಯೂ ಬಾಯಿ ಮುಚ್ಚದ ನೀರು. ಅವತ್ತು ಮೋಡ ಕವಿದು ಸಮುದ್ರವೂ ಆಕಾಶವೂ ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕಿದ್ದವು.

ದಾರಿ ಶುರುವಾಗುವಲ್ಲಿ ಒಬ್ಬ ಮುದುಕಿ ಚಹಾದ ಅಂಗಡಿ ಇಟ್ಟುಕೊಂಡು ಈ ಗಂಟೆಗಳನ್ನೂ ಮಾರುತ್ತಿದ್ದಳು. ಅಲ್ಲಿ ನಡೆಯುವವರು ಚೀಲಕ್ಕೆ ಗಂಟೆ ಕಟ್ಟಿಕೊಳ್ಳುತ್ತಾರಂತೆ, ಕಾಡುಪ್ರಾಣಿ ಸಪ್ಪಳ ಕೇಳಿ ದೂರ ಹೋಗಲೆಂದು. ನಿಮ್ಮ ಅಜ್ಜ ಒಂದನ್ನು ಕೊಂಡು ನನ್ನ ಕೈಗಿತ್ತರು.

"ಕಟ್ಕೊಳೆ. ನೀನು ಹಿಂದೆ ಬರ್ತಾ ಇದೀಯೋ ಇಲ್ಲೋ ನನಗೂ ಗೊತ್ತಾಗ್ಲಿ."

ಹಿಂದೆ ಬರುವುದು ಎಂದರೆ ಏನೆಂದು ನಿಮಗೆ ಹೇಳಬೇಕು. ಮದುವೆಯಾದಾಗ ನಮ್ಮವ್ವ ಗಂಡನ ನೆರಳು ತುಳಿಯಬಾರದು, ಹತ್ತು ಹೆಜ್ಜೆ ಹಿಂದಿರಬೇಕು ಎಂದು ಹೇಳಿ ಕಳಿಸಿದ್ದಳು. ಹೊಸತರಲ್ಲಿ ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಗೆ ಹೋದೆವು. ಅವರು ಮುಂದೆ ನಡೆಯುತ್ತ ಗದ್ದೆಯ ಬಗ್ಗೆ, ತಮ್ಮ ಅಣ್ಣನ ಬಗ್ಗೆ ಮಾತಾಡುತ್ತಲೇ ಇದ್ದರು. ನಾನು ಹಿಂದಿನಿಂದ ಹೂಂ, ಹೂಂ ಎನ್ನುತ್ತ ಹೋದೆ. ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಏನಂದಿರಿ ಎಂದು ಕೂಗಿ ಕೇಳುವುದೆಂದರೆ ಜೀವ ಹೋದಂತಾಗುತ್ತಿತ್ತು. ಇಪ್ಪತ್ತು ಚಿಲ್ಲರೆ ವರ್ಷ ಹಾಗೇ ನಡೆಯಿತು. ನನ್ನ ಸಂಸಾರದ ಅರ್ಧ ಮಾತು ಆ ಹೂಂ.

ಜಪಾನಿನ ಆ ದಾರಿಯಲ್ಲಿ ಇಬ್ಬರು ಜೊತೆಗೆ ನಡೆಯುವಷ್ಟು ಜಾಗವಿತ್ತು. ನಿಮ್ಮ ಅಜ್ಜ ನಿಂತು, ಪಕ್ಕಕ್ಕೆ ಬಾ ಎಂದರು. ನಮ್ಮ ಹಿಂದೆಯೇ ದಾವಣಗೆರೆ ಕಡೆಯ ಅಂಗಡಿಯವರ ಹೆಂಡತಿ ಬರುತ್ತಿದ್ದಳು. ಆಕೆ ಊರಿಗೆ ಹೋಗಿ ಏನೆಂದಾಳೋ ಎಂದು ನಾನು ತಲೆಯಾಡಿಸಿಬಿಟ್ಟೆ. ಅವರು ಮತ್ತೊಮ್ಮೆ ಕರೆಯಲಿಲ್ಲ. ಗಂಟೆಯ ಸಪ್ಪಳಕ್ಕೂ ನಾಚಿಕೆಯಾಗಿ ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಮುಷ್ಟಿಯಲ್ಲಿ ಹಿಡಿದುಕೊಂಡೆ.

ಮರದ ಮೆಟ್ಟಿಲು ಇಳಿದು ಬಂಡೆಗಳ ನಡುವಿನ ತೂಗುಸೇತುವೆಗೆ ಬಂದೆವು. ಸೇತುವೆಯುದ್ದಕ್ಕೂ ಅವರು ತಿರುಗದೆ ಏನೋ ಮಾತಾಡುತ್ತಿದ್ದರು. ಕೆಳಗೆ ಅಲೆ ಬಡಿಯುತ್ತಿತ್ತು, ಗಾಳಿ ಎದುರಿನಿಂದಲ್ಲ, ಪಕ್ಕದಿಂದ ಬಂದು ಮಾತನ್ನು ಸಮುದ್ರಕ್ಕೆ ಒಯ್ಯುತ್ತಿತ್ತು. ಅವರ ಭುಜ ಅಲುಗುವುದು ಮಾತ್ರ ನನಗೆ ಕಾಣುತ್ತಿತ್ತು. ಅವರು ಮಾತು ನಿಲ್ಲಿಸಿ ಕಾಯುತ್ತಿದ್ದಾರೆ ಅನ್ನಿಸಿದಾಗ ಜೋರಾಗಿಯೇ ಹೂಂ ಅಂದೆ.

ಆಚೆ ದಡದ ಮರದ ಮರೆಯಲ್ಲಿ ಗಾಳಿ ಇರಲಿಲ್ಲ. ಅವರು ತಿರುಗಿ ನೋಡಿದರು. ಕಣ್ಣು ಒದ್ದೆಯಾಗಿತ್ತು. ಉಪ್ಪುಗಾಳಿಗೆ ಎಂದುಕೊಂಡೆ.

"ನೀನು ಗಟ್ಟಿಗಿತ್ತಿ ಕಣೆ," ಅಂದರು.

ತೂಗುಸೇತುವೆ ದಾಟಿದ್ದಕ್ಕೆ ಹೊಗಳಿದರೆಂದು ನಾನು ಆ ಇಡೀ ದಿನ ಒಳಗೊಳಗೇ ಬೀಗಿದೆ ಮಕ್ಕಳೇ. ಬಸ್ಸಿನಲ್ಲಿ ದಾವಣಗೆರೆಯವಳ ಕಡೆ ಒಂದೆರಡು ಸಲ ಗತ್ತಿನಿಂದ ನೋಡಿದ್ದೂ ಉಂಟು.

ಊರಿಗೆ ಬಂದು ಏಳೆಂಟು ತಿಂಗಳಾಗಿರಬೇಕು. ಅಂಬ್ಲಿಗೊಳದ ಕೆಳಗಿನ ಗದ್ದೆಯೊಂದರಲ್ಲಿ ಹೊಸ ಟಿಲ್ಲರ್ ಓಡಿಸಿ ತೋರಿಸುವುದಿತ್ತು. ನೀರು ನೋಡಿ ಬರೋಣವೆಂದು ನನ್ನನ್ನೂ ಕರೆದುಕೊಂಡು ಹೋದರು. ಏರಿ ಹತ್ತುವಾಗ ಅರ್ಧಕ್ಕೇ ಎದೆ ಹಿಡಿದು ಕೂತರು. ತುಟಿ ನೇರಳೆ ಹಣ್ಣು ತಿಂದಂತಾಗಿತ್ತು. ಡಾಕ್ಟರಿಗೆ ತೋರಿಸಬಾರದೇ ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು.

"ತೋರಿಸಿದ್ದು ಹೇಳಿದ್ನಲ್ಲೆ, ಅಲ್ಲಿ ಸೇತುವೆ ಮೇಲೆ. ಎದೆ ಆಪರೇಷನ್ ಆಗ್ಬೇಕಂತಾರೆ, ಅಣ್ಣ ಆ ಟೇಬಲ್ ಮ್ಯಾಲೇ ಹೋದ, ನನಗೆ ಬ್ಯಾಡ, ಇದ್ದಷ್ಟು ದಿನ ನಿನ್ ಜೊತೆ ಹಿಂಗೇ ಇರ್ತೀನಿ, ಏನಂತೀಯ ಅಂದೆ. ನೀನು ಹೂಂ ಅಂದಿ. ಅದೊಂದು ಮಾತಿಗೇ ನಾನು ನಿರಾಳ ಆಗಿದ್ದು."

ಮುಂದೆ ಅಂಬ್ಲಿಗೊಳದ ನೀರು ಸುಮ್ಮನೆ ಬಿದ್ದಿತ್ತು. ಅಲ್ಲಿ ಅಲೆ ಇರಲಿಲ್ಲ, ಗಾಳಿ ಇರಲಿಲ್ಲ. ನನಗೆ ಕೇಳಿಸಲಿಲ್ಲರೀ, ನಾನು ಸುಮ್ಮನೆ ಹೂಂ ಅಂದೆ, ನಡೀರಿ ಆಸ್ಪತ್ರೆಗೆ ಹೋಗೋಣ ಎನ್ನಲು ಏನೂ ಅಡ್ಡಿ ಇರಲಿಲ್ಲ. ಆದರೆ ಆ ಮನುಷ್ಯ ಅಷ್ಟು ತಿಂಗಳು ನಾನು ಜೊತೆಗಿದ್ದೇನೆಂದು ನಂಬಿ ಬದುಕಿದ್ದರು. ಇಲ್ಲ, ನೀವೊಬ್ಬರೇ ಇದ್ದಿರಿ ಎಂದು ಹೇಗೆ ಹೇಳಲಿ? ಪ್ರೀತಿಗೆ ಹೇಳಲಿಲ್ಲವೋ, ನಾಚಿಕೆಗೆ ಹೇಳಲಿಲ್ಲವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವರ ಪಕ್ಕದಲ್ಲಿ ಕೂತು, ಮತ್ತೊಮ್ಮೆ ಹೂಂ ಅಂದೆ.

ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಮೂರು ವಾರ ಕಳೆದೆ. ನಾಲ್ಕನೆಯ ವಾರ ಅವರಿರಲಿಲ್ಲ.

ಹೋಗುವ ಹಿಂದಿನ ದಿನ ಅವರು ನಿಮ್ಮ ಅಪ್ಪನನ್ನು ಕರೆದು, "ನಿಮ್ಮವ್ವಂಗೆ ಮೊದಲಿಂದ ಗೊತ್ತು, ಅವಳೂ ಒಪ್ಪಿದ್ದಳು" ಎಂದು ನನ್ನ ಬಗ್ಗೆ ಹೇಳಿದ್ದರಂತೆ. ನನ್ನ ಮೇಲೆ ಯಾರೂ ಸಿಟ್ಟಾಗದಿರಲಿ ಎಂದೇ ಹೇಳಿರಬೇಕು. ನಿಮ್ಮ ಅಪ್ಪನಿಗೆ ಆಗ ಹತ್ತೊಂಬತ್ತು. ಅವನು ನನ್ನೊಂದಿಗೆ ಜಗಳವಾಡಲಿಲ್ಲ. ವರ್ಷಕ್ಕೊಮ್ಮೆ, ಅಜ್ಜನ ಫೋಟೋಕ್ಕೆ ಹೂ ಹಾಕುವಾಗ, ನನ್ನ ಮುಖ ನೋಡದೆ ಹೇಳುತ್ತಾನೆ: "ನನಗೊಂದು ಮಾತು ಹೇಳಬೇಕಿತ್ತವ್ವ. ಎತ್ತಿಕೊಂಡಾದರೂ ಒಯ್ತಿದ್ದೆ." ನಾನು ಅದಕ್ಕೂ ಹೂಂ ಅನ್ನುತ್ತೇನೆ.

ನಿನ್ನೆ ಸಂಜೆ ಪವನ್, ನೀನು ನನ್ನ ಜೊತೆ ಹಿಟ್ಟಿನ ಗಿರಣಿಗೆ ಬಂದೆ. ಮುಂದೆ ಓಡುತ್ತ ಏನೋ ಹೇಳಿದೆ. ಒಂದು ಲಾರಿ ಹೋಯಿತು, ಕೇಳಿಸಲಿಲ್ಲ. ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನಾನು ರಸ್ತೆಯಲ್ಲೇ ನಿಂತು, ಜನ ತಿರುಗಿ ನೋಡುವಷ್ಟು ಜೋರಾಗಿ, ಏನಂದ್ಯೋ, ಕೇಳಲಿಲ್ಲ ಎಂದು ಕೂಗಿದೆ. ನೀನು ವಾಪಸ್ ಬಂದು, ಬೆಕ್ಕಿಗೆ ಗಂಟೆ ಭಾರ ಆಗುತ್ತೆ ಅಜ್ಜಿ, ಬಿಚ್ಚೋಣ ಎಂದೆ. ಇಷ್ಟೇ ಮಾತು. ನಾನು ಯಾಕೆ ಅತ್ತೆ ಎಂದು ಕೇಳಿದೆಯಲ್ಲ, ಅದಕ್ಕೆ ಇದನ್ನೆಲ್ಲ ಬರೆದೆ.

ಗಂಟೆ ಬಿಚ್ಚಿ ಈ ಹಾಳೆಗಳ ಜೊತೆಗಿಟ್ಟಿದ್ದೇನೆ. ಸೆರಗಿನಲ್ಲಿ ಕಟ್ಟಿಲ್ಲ, ಅಲುಗಿಸಿದರೆ ಸಪ್ಪಳ ಬರುತ್ತದೆ. ಈ ಸಲ ಫೋಟೋಕ್ಕೆ ಹೂ ಹಾಕುವ ದಿನ ನಿಮ್ಮ ಅಪ್ಪನಿಗೆ ನಾನೇ ಓದಿ ಹೇಳಬೇಕೆಂದಿದ್ದೇನೆ. ನನ್ನ ಬಾಯಿ ಕಟ್ಟಿದರೆ, ಅಕ್ಷತಾ, ನೀನು ಓದು. ನಿಧಾನ ಓದು, ಅವನ ಪಕ್ಕದಲ್ಲೇ ಕೂತು. ಅಲ್ಲಿಯತನಕ ಹುಳು ಬೀಳದಂತೆ ನಾಲ್ಕು ಬೇವಿನೆಲೆ ಹಾಕಿ ಈ ಹಾಳೆಗಳನ್ನು ಜೋಪಾನವಾಗಿಡಿ.