ಆರನೇ ಬೆರಳಿನ ಅಳತೆ

‘ಅಕ್ಕಾರ, ಬೆರಳು ಕೊಯ್ಯೋ ಡಾಕ್ಟರು ಯಾದಗಿರಿಯಾಗ ಯಾರರ ಅದಾರೇನ್ರಿ?’

ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಪೇಪರ್ ಓದುತ್ತಿದ್ದವಳಿಗೆ ಇಂಥ ಪ್ರಶ್ನೆ ಎದುರಾದರೆ ಹೇಗಾಗಬೇಡ? ಕೇಳಿದವಳು ಮೆಹಬೂಬಿ. ಸುರಪುರದ ರಂಗಂಪೇಟೆಯಲ್ಲಿ ನಮ್ಮ ಎದುರು ಮನೆಯ ಟೇಲರ್. (ನನ್ನ ಬ್ಲೌಸನ್ನು ಹೇಳಿದ ದಿನಕ್ಕೆ ಒಮ್ಮೆಯೂ ಕೊಟ್ಟವಳಲ್ಲ. ಆದರೂ ಅವಳನ್ನು ಬಿಡಲು ಮನಸ್ಸಿಲ್ಲ.) ಹಿಂದೆ ಅವಳ ಮಗಳು ನಸ್ರೀನ್, ಏಳನೇ ಕ್ಲಾಸು, ಬಲಗೈಯನ್ನು ಓಢಣಿಯೊಳಗೆ ಮುಚ್ಚಿಕೊಂಡು ನಿಂತಿದ್ದಳು.

ನಸ್ರೀನಳ ಬಲಗೈಗೆ ಹುಟ್ಟಿನಿಂದಲೂ ಆರು ಬೆರಳು. ಕಿರುಬೆರಳಿನ ಪಕ್ಕ ಇನ್ನೊಂದು ಪುಟ್ಟದು. ಅವಳ ಅಜ್ಜಿ ಅದನ್ನು ‘ಬರಕತ್ತಿನ ಬೆರಳು’, ಮನೆಗೆ ಸಮೃದ್ಧಿ ತರುವ ಬೆರಳು ಎಂದು ಮುದ್ದು ಮಾಡುತ್ತಿದ್ದರು. ಓಣಿಯವರಿಗೆ ಅದು ಕಣ್ಣಿಗೆ ಬೀಳುವುದೇ ಯಾವಾಗಲೋ ನಿಂತುಹೋಗಿದೆ. ನೋವಿಲ್ಲ, ತೊಂದರೆಯಿಲ್ಲ, ಅಕ್ಷರವಂತೂ ಮುತ್ತು ಪೋಣಿಸಿದ ಹಾಗೆ. ಈಗ್ಯಾಕೆ ಡಾಕ್ಟರು?

‘ಸಾಲ್ಯಾಗ ಸೈನ್ಸ್ ನಾಟಕ ಮಾಡಾಕತ್ತಾರ್ರಿ,’ ಎಂದಳು ಮೆಹಬೂಬಿ. ‘ರಾಕ್ಷಸನ ಪಾತ್ರಕ್ಕ ಹಸಿರು ಗ್ಲೌಸ್ ಹೊಲಿ ಅಂದ್ರು ಸರ್ರು. ಒಂದೊಂದು ಕೈಗಿ ಆರಾರು ಬೆರಳು. ಆರ್ಡರ್ ಬಂತಲ್ಲ ಅಂತ ಖುಷೀಲೆ ಒಪ್ಕೊಂಡ್ನಿ. ಅಳತಿ ಎಲ್ಲಿಂದ ತರ್ಲಿ? ಇಕಿ ಕೈನೇ ಕಾಗದದ ಮ್ಯಾಲ ಇಡಿಸಿ ಗೀರು ಹಾಕಿದ್ನಿ. ಅವತ್ತಿನಿಂದ ಬೆರಳು ಕೊಯ್ಸು ಅಂತ ಕುಂತಾಳ.’

ನಸ್ರೀನ್ ಆಗ ಬಾಯಿ ಬಿಟ್ಟಳು. ‘ಆಂಟಿ, ನಾ ಮುಂದಿನ ಮನಷ್ಯಾ ಏನ್ರಿ, ಹಿಂದಿನ ಮನಷ್ಯಾ ಏನ್ರಿ?’

ಕ್ಲಾಸಿನಲ್ಲಿ ಎರಡು ಪಾರ್ಟಿಯಾಗಿತ್ತಂತೆ. ಇವಳು ಮುಂದೆ ಬರುವ ಮಹಾಮಾನವ, ನಮ್ಮನ್ನೆಲ್ಲ ಮುಗಿಸುತ್ತಾಳೆ ಎಂದು ಒಂದು. ಇವಳು ವಾಪಸ್ ಕೋತಿಯಾಗುತ್ತಿದ್ದಾಳೆ ಎಂದು ಇನ್ನೊಂದು. ಅವಳ ಡಬ್ಬಿಯ ರೊಟ್ಟಿ ಮುಟ್ಟಬಾರದು ಎಂಬುದರಲ್ಲಿ ಮಾತ್ರ ಎರಡೂ ಪಾರ್ಟಿ ಒಂದೇ.

ನಾಟಕಕ್ಕೆ ಮೂಲವಾದ ಪುಸ್ತಕವನ್ನು ನಸ್ರೀನಳಿಂದಲೇ ತರಿಸಿಕೊಂಡು ಅವತ್ತೇ ಓದಿದೆ. ಮಕ್ಕಳ ವೈಜ್ಞಾನಿಕ ಸಾಹಸ ಕಥೆ, ಮಿರಿಮಿರಿ ಮಿಂಚುವ ಹೊದಿಕೆ. ಒಬ್ಬನ ಮೇಲೆ ಹಸಿರು ಬೆಳಕು ಬೀಳುತ್ತದೆ. ಬೆಳಗಾಗುವುದರೊಳಗೆ ದೊಡ್ಡ ತಲೆ, ಆರನೇ ಬೆರಳು. ಕನ್ನಡಕದ ವಿಜ್ಞಾನಿಯೊಬ್ಬ ಬಂದು, ಇದೇ ವಿಕಾಸದ ಮುಂದಿನ ಹಂತ ಎಂದು ಕೂಗುತ್ತಾನೆ. ಮುಂದಿನ ಪುಟದಲ್ಲಿ ಆ ಆರು ಬೆರಳಿನವನು ರಾಕ್ಷಸನಾಗಿ, ಊರಿಗೆ ಊರೇ ಸುಟ್ಟು ಬೂದಿ.

ನನಗೆ ಸಿಟ್ಟು ಬಂತು. ಕಲ್ಪನೆಯ ಮೇಲಲ್ಲ. ರೋಬೋಟ್ ಅಳಲಿ, ಚಂದ್ರನ ಮೇಲೆ ಬಸ್ ಸ್ಟ್ಯಾಂಡ್ ಆಗಲಿ, ನಾನೇ ಮೊದಲು ಕೂತು ಓದುತ್ತೇನೆ. ಆದರೆ ಸುಳ್ಳಿಗೆ ವಿಜ್ಞಾನಿಯ ಕನ್ನಡಕ ಹಾಕಿದರೆ ಮಗು ಅದನ್ನು ಪಾಠ ಎಂದುಕೊಳ್ಳುವುದಿಲ್ಲವೇ?

ವಿಕಾಸವೆಂದರೆ ಯಾದಗಿರಿ ಬಿಟ್ಟು ಶಹಾಪುರ ಮುಟ್ಟಿ ಸುರಪುರಕ್ಕೆ ಬರುವ ಬಸ್ಸಲ್ಲ. ಕೋತಿ ಒಂದು ಸ್ಟಾಪು, ಮನುಷ್ಯ ಇನ್ನೊಂದು, ಮುಂದೆ ಮಹಾಮಾನವ ಎಂದು ಯಾರೂ ಬೋರ್ಡು ಬರೆದಿಲ್ಲ. ಇವತ್ತಿನ ಕೋತಿ ಬಸ್ ತಪ್ಪಿಸಿಕೊಂಡ ಮನುಷ್ಯನೂ ಅಲ್ಲ, ಅದು ನಮ್ಮ ದೂರದ ಬಳಗ. (‘ವಿಕಾಸ’ ಎಂಬ ಹೆಸರೇ ಮೇಲೇರುವ ಆಸೆ ಹುಟ್ಟಿಸುತ್ತದೆ. ಆ ಪದದ ಮೇಲೂ ನನಗೆ ತಕರಾರಿದೆ.)

ಶಹಾಪುರದ ಕಡೆಯ ಹತ್ತಿ ಹೊಲ ನೋಡಿ. ‘ಹುಳ ಗಟ್ಟಿ ಆಗೇದ್ರಿ, ಎಣ್ಣಿಗೂ ಸಾಯವಲ್ದು’ ಎನ್ನುತ್ತಾರೆ ರೈತರು. (ಎಣ್ಣೆ ಎಂದರೆ ನಮ್ಮ ಕಡೆ ಕೀಟನಾಶಕ.) ಯಾವ ಹುಳವೂ ಎಣ್ಣೆ ಕುಡಿದು ಪೈಲ್ವಾನ್ ಆಗಲಿಲ್ಲ. ಹುಟ್ಟುವಾಗಲೇ ಒಂದಷ್ಟು ಹುಳ ಸ್ವಲ್ಪ ಬೇರೆ ಇದ್ದವು. ಎಣ್ಣೆ ಹೊಡೆದಾಗ ಮಿಕ್ಕವು ಸತ್ತವು, ಇವು ಬದುಕಿದವು. ಮರಿ ಮಾಡಿದವು. ಪೀಳಿಗೆಗಳು ಕಳೆದ ಮೇಲೆ ಹೊಲದ ತುಂಬ ಅವುಗಳ ಸಂತಾನವೇ. ಬದಲಾದದ್ದು ಒಂದು ಹುಳವಲ್ಲ, ಹುಳದ ಸಂತೆ. ಇದರಲ್ಲಿ ಹಸಿರು ಬೆಳಕು ಎಲ್ಲಿದೆ?

ನಸ್ರೀನಳನ್ನು ಕೂರಿಸಿಕೊಂಡು ಇದನ್ನೇ ಹೇಳಿದೆ. ‘ಕೆಲವು ಮಕ್ಕಳು ಹಿಂಗ ಹುಟ್ತಾರ, ಮೊದಲೂ ಹುಟ್ಟ್ಯಾರ. ವಾಪಸ್ ಕೋತಿ ಆಗಾಕ ಕೋತಿಗೂ ಐದೇ ಬೆರಳು ಅವ ನೋಡವಾ.’ ಅವಳು ಫಕ್ಕನೆ ನಕ್ಕಳು. ಆದರೆ ಕೈ ಓಢಣಿಯಿಂದ ಹೊರಬರಲಿಲ್ಲ.

ಡಾಕ್ಟರ ಹೆಸರು ನಾನು ಕೊಡಲಿಲ್ಲ. ಬೆರಳು ನೋಯುತ್ತಿದ್ದರೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಒಂದು ಕೆಟ್ಟ ಕಥೆಗಾಗಿ ಮಗುವಿನ ಮೈಗೆ ಕತ್ತರಿ ಹಾಕುವುದೇ? ಆಗದು.

ಸೋಮವಾರ ಹೊಲಿದ ಗ್ಲೌಸು ಹಿಡಿದುಕೊಂಡು ಮೂವರೂ ಶಾಲೆಗೆ ಹೋದೆವು. ಸರ್ ಹುರುಪಿನ ಹುಡುಗ, ಕೆಟ್ಟವನಲ್ಲ. ‘ಮಕ್ಕಳಿಗಿ ಸೈನ್ಸಿನಾಗ ಇಂಟರೆಸ್ಟ್ ಬರ್ಲಿ ಅಂತ ಮಾಡಾಕತ್ತೀವ್ರಿ ಮೇಡಂ. ಬರೇ ಕಥಿ ಅಲ್ರಿ ಅದು?’

‘ಇಂಟರೆಸ್ಟ್ ಬಂದದ ಸರ್. ಸೈನ್ಸ್ ಬಂದಿಲ್ಲ,’ ಎಂದೆ. ‘ಈ ಗ್ಲೌಸಿನ ಅಳತಿ ಯಾರ ಕೈದು ಗೊತ್ತದೇನ್ರಿ ನಿಮಗ?’

ಅವರು ನಸ್ರೀನಳ ಕಡೆ ನೋಡಿದರು. ಮುಚ್ಚಿದ್ದ ಕೈ ನೋಡಿದರು. ಮುಖ ಸಣ್ಣದಾಯಿತು. ಡಬ್ಬಿಯ ವಿಷಯ ಅವರಿಗೆ ತಿಳಿದೇ ಇರಲಿಲ್ಲ.

ಅದನ್ನು ತಿಳಿಸಿದೆ. ಹತ್ತಿ ಹುಳದ ಕಥೆಯನ್ನೂ ಹೇಳಿದೆ. ವಿಕಾಸದ ಆ ಡೈಲಾಗು ಹೋಗುವತನಕ ಇಲ್ಲಿಂದ ಏಳುವುದಿಲ್ಲ ಎಂದು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ. ಕೊನೆಗೆ ಅವರೇ ಪೆನ್ನು ತೆಗೆದು ಆ ಸಾಲುಗಳ ಮೇಲೆ ಅಡ್ಡಗೆರೆ ಎಳೆದರು. ನಾಳೆ ಕ್ಲಾಸಿನಲ್ಲಿ ಹುಳದ ಪಾಠ ತಾವೇ ಮಾಡುವುದಾಗಿ ಹೇಳಿದರು. ಆಮೇಲೆ ತಲೆ ಕೆರೆದುಕೊಂಡರು.

‘ಆತ್ರಿ. ಆದ್ರ ರಾಕ್ಷಸಂದು ಏನ್ ಮಾಡೂದ್ರಿ? ನಾಟಕ ಶನಿವಾರ ಅದ.’

ಮೆಹಬೂಬಿ ಚೀಲದಿಂದ ಕತ್ತರಿ ತೆಗೆದಳು. ಎರಡೂ ಗ್ಲೌಸಿನ ಆರನೇ ಬೆರಳು ಕಚಕ್ಕೆಂದು ಟೇಬಲ್ಲಿನ ಮೇಲೆ ಬಿದ್ದವು. ನಸ್ರೀನ್ ಬಲಗೈ ಚಾಚಿ ಆ ಹಸಿರು ಚೂರುಗಳನ್ನು ಹೆಕ್ಕಿಕೊಂಡಳು.

‘ರಾಕ್ಷಸಗ ಐದು ಬೆರಳು ಸಾಕ್ರಿ ಸರ್,’ ಎಂದಳು ಮೆಹಬೂಬಿ.