ಎಲೆಅಡಿಕೆಯ ಬಾಡಿಗೆ

ಯೂನಿಯನ್‌ವಿಲ್‌ನ ಆ ಬೆಳಿಗ್ಗೆಯನ್ನು ನೆನೆದರೆ ಮೊದಲು ಕಾಣಿಸುವುದು ಮಂಜು. ಉದುರಿದ ಮೇಪಲ್ ಎಲೆಗಳು ನೆಲ ಮುಟ್ಟುವುದನ್ನೇ ಮರೆತಂತೆ ಗಾಳಿಯಲ್ಲಿ ತೇಲುತ್ತಿದ್ದವು. ಡಾಕ್ಟ್ರಮ್ಮನ ಮನೆಯ ಮುಂದೆ ನನ್ನ ಕ್ಯಾಂಪಿಂಗ್ ಟ್ರೇಲರು ಬಿಳಿ ಹಸುವಿನ ಹಾಗೆ ಮಲಗಿತ್ತು.

ಬೇಸಿಗೆಯಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಮಕ್ಕಳನ್ನು ಕೆರೆಯ ದಡಕ್ಕೆ ಕರೆದೊಯ್ಯಲು ಕೊಂಡ ಟ್ರೇಲರು ಅದು. ಒಳಗಿನ ಮಂಚ ಮಡಚಿದರೆ ಒಂದು ಸಣ್ಣ ಸಂಸಾರದ ಸಾಮಾನು ಹಿಡಿಸುತ್ತದೆ ಎಂದು ಈ ಪರದೇಶದಲ್ಲಿರುವ ನಮ್ಮ ಕನ್ನಡದವರಿಗೆ ಗೊತ್ತಾದದ್ದೇ ತಡ, ಮನೆ ಬದಲಿಸುವವರೆಲ್ಲ ನನಗೇ ಫೋನು ಮಾಡತೊಡಗಿದರು. ಸಾಮಾನು ಇಳಿಸಿದ ಮೇಲೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ಎಲೆಯ ಕೆಳಗೊಂದು ದುಡ್ಡಿನ ಕವರು. ಅದನ್ನು ನಮ್ಮಲ್ಲಿ ಕೂಲಿ ಎನ್ನುವುದಿಲ್ಲ. ಬೇಡ ಎಂದರೆ ಕೊಟ್ಟವರಿಗೆ ನೋವು. ನಾನೂ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದೆ.

ಅಪ್ಪ ದಾವಣಗೆರೆಯ ಮಂಡಿಯಲ್ಲಿ ಕೈಗಾಡಿ ಎಳೆದವರು, ಮುಂದೆ ಬಂದ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಿದವರು. ನಮ್ಮ ವಂಶದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಜೋಳದ ಮೂಟೆಗಳ ಮೇಲೆ ಕೂತು ಓದಿ ಪಡೆದದ್ದು. ಅಂಥವನು ನನ್ನ ಟ್ರೇಲರಿನ ಇನ್ಶೂರೆನ್ಸ್ ಕಾಗದವನ್ನೇ ಓದಿರಲಿಲ್ಲ. ಡಾಕ್ಟ್ರಮ್ಮನ ಮನೆಗೆ ಹೋಗುವ ಹಿಂದಿನ ದಿನ ಹೊಸ ಕಾಗದ ಬಂತು, ಓದಿದೆ. ಪ್ರತಿಫಲ ಪಡೆದು ಇನ್ನೊಬ್ಬರ ಸಾಮಾನು ಸಾಗಿಸಿದರೆ ವಿಮೆ ನಡೆಯುವುದಿಲ್ಲ ಎಂದಿತ್ತು. ಏಜೆಂಟನಿಗೆ ಫೋನು ಮಾಡಿ ಎಲೆಅಡಿಕೆಯ ಪದ್ಧತಿಯನ್ನು ವಿವರಿಸಿದೆ.

“ಎಲೆ ಕೆಳಗಿಟ್ರೇನು, ಬಂಗಾರದ ತಟ್ಟೇಲಿಟ್ರೇನು ಭಾಯಿಸಾಬ್, ಅದು ಬಾಡಿಗೇನೇ,” ಎಂದು ಅವನು ಹಿಂದಿಯಲ್ಲಿ ಹೇಳಿ ನಕ್ಕ. “ಬಾಡಿಗೆ ಹೊಡೀಬೇಕಿದ್ರೆ ಕಮರ್ಷಿಯಲ್ ಇನ್ಶೂರೆನ್ಸ್ ಮಾಡ್ಸಿ. ಗಾಡಿ ತೂಕ ನೋಡಿ ಬೇರೆ ನೋಂದಣೀನೂ ಬೇಕಾಗ್ಬಹುದು. ಇಲ್ಲಾಂದ್ರೆ ಹಾಯಾಗಿ ಕ್ಯಾಂಪಿಂಗಿಗೆ ಹೋಗಿ.”

ಡಾಕ್ಟ್ರಮ್ಮ ನಿವೃತ್ತರಾಗಿ, ಗಂಡನನ್ನು ಕಳೆದುಕೊಂಡು, ನಾರ್ತ್ ಯಾರ್ಕ್‌ನ ಅಪಾರ್ಟ್‌ಮೆಂಟಿಗೆ ಹೊರಟಿದ್ದರು. ಸಾಮಾನು ಸಾಗಿಸುವ ಕಂಪನಿಯವರು ಎಲ್ಲವನ್ನೂ ಒಯ್ದಿದ್ದರು, ರುಬ್ಬುವ ಕಲ್ಲನ್ನು ಬಿಟ್ಟು. ಅದು ಅವರ ಲಿಸ್ಟಿನಲ್ಲಿರಲಿಲ್ಲವಂತೆ. ಮದುವೆಯಾದ ಹೊಸದರಲ್ಲಿ ಮೈಸೂರಿನಿಂದ ಹಡಗಿನಲ್ಲಿ ತರಿಸಿದ ಕಲ್ಲು. ಮಧ್ಯಾಹ್ನದೊಳಗೆ ಮನೆಯ ಕೀ ಕೊಡಬೇಕು. ಆಮೇಲೆ ಕಲ್ಲು ಮನೆ ಕೊಂಡವರ ಪಾಲು.

ಕಲ್ಲನ್ನು ಕೈಬಂಡಿಯಲ್ಲಿ ಬಾಗಿಲಿನವರೆಗೆ ತಂದಿದ್ದೆ. ಅವರು ತಟ್ಟೆ ಹಿಡಿದು ಬಂದರು.

“ಡಾಕ್ಟ್ರಮ್ಮಾ, ಕವರು ಬೇಡ. ತಗೊಂಡ್ರೆ ಬಾಡಿಗೆ ಆಗತ್ತೆ. ಸುಮ್ನೆ ತಗೊಂಡೋಗಿ ಇಳಿಸ್ತೀನಿ.”

“ಈ ದೇಶಕ್ಕೆ ಬಂದಾಗಿನಿಂದ ಯಾರ ಹತ್ರಾನೂ ಪುಕ್ಕಟೆ ಕೆಲಸ ಮಾಡಿಸ್ಕೊಂಡಿಲ್ಲ ಕಣಪ್ಪಾ. ಈಗ ಶುರು ಮಾಡ್ಲಾ?”

“ಎಲೆಅಡಿಕೆ ಅಷ್ಟೇ ಕೊಡಿ.”

“ಬರೀ ಎಲೆ ಕೊಡೋಕೆ ನೀನೇನು ಮೇಕೇನಾ?”

ಇಬ್ಬರೂ ನಕ್ಕೆವು, ಆದರೆ ಯಾರೂ ಜಗ್ಗಲಿಲ್ಲ. ಕಲ್ಲಿನ ಕುಳಿಗೆ ಮಂಜು ಇಳಿಯುತ್ತಿತ್ತು. ನಾನು ಅಂಗೈ ಇಟ್ಟೆ. ಬೆಳಗಿನ ಬಾವಿನೀರಿನಷ್ಟು ತಣ್ಣಗಿತ್ತು. ಅಷ್ಟರಲ್ಲಿ ಮಂಜಿನೊಳಗೆ ಸೂರ್ಯ ಹಾಲಿನ ತಟ್ಟೆಯಂತೆ ಮೂಡಿದ್ದ.

“ನಿನ್ನ ಸ್ವಂತ ಸಾಮಾನು ನೀನು ಒಯ್ದರೆ?” ಎಂದು ಕೊನೆಗೆ ಕೇಳಿದರು.

“ಅದಕ್ಕೇನೂ ಅಡ್ಡಿಯಿಲ್ಲ.”

“ಹಾಗಾದ್ರೆ ಕಲ್ಲು ನಿಂದೇ.”

“ಅದು ಕಳ್ಳಾಟ ಡಾಕ್ಟ್ರಮ್ಮಾ. ನಾರ್ತ್ ಯಾರ್ಕಲ್ಲಿ ಇಳಿಸಿ ವಾಪಸ್ ಕೊಟ್ರೆ ಅದೂ ಸುಳ್ಳೇ.”

“ವಾಪಸ್ ಯಾರು ಕೇಳಿದ್ರು? ನಿನ್ನ ಮನೇಗೇ ತಗೊಂಡೋಗು. ಹದಿನಾಲ್ಕನೇ ಫ್ಲೋರಲ್ಲಿ ರುಬ್ಬಿದ್ರೆ ಕೆಳಗಿನೋರು ಪೊಲೀಸ್ ಕರೀತಾರೆ.”

ನಗುತ್ತಲೇ ಹೇಳಿದರು. ಗುಂಡುಕಲ್ಲಿನ ಮೇಲಿಟ್ಟ ಕೈ ಮಾತ್ರ ಬಹಳ ಹೊತ್ತು ಏಳಲಿಲ್ಲ.

ರಿಚ್ಮಂಡ್ ಹಿಲ್‌ನ ನನ್ನ ಮನೆಯವರೆಗೆ ಗಾಡಿಯನ್ನು ಮೆಲ್ಲಗೆ ನಡೆಸಿದೆ. ಮಕ್ಕಳು ಮಲಗುವ ಜಾಗದಲ್ಲಿ ಕಲ್ಲು ಕಂಬಳಿ ಹೊದ್ದಿತ್ತು.

ಈಗ ಶನಿವಾರ ಬಂತೆಂದರೆ ಡಾಕ್ಟ್ರಮ್ಮ ನೆನೆಸಿದ ಉದ್ದು ಹಿಡಿದು ಬಸ್ಸಿನಲ್ಲಿ ಬರುತ್ತಾರೆ. ಬೇಸ್‌ಮೆಂಟಿನಿಂದ ಗರಗರ ಸದ್ದು ಏಳುತ್ತದೆ. ಕಣ್ಣು ಮುಚ್ಚಿದರೆ ಮಂಡಿಯ ಚಪ್ಪಡಿಗಳ ಮೇಲೆ ಅಪ್ಪನ ಗಾಡಿ ದೂರದಿಂದ ಬರುತ್ತಿದೆ, ಬರುತ್ತಲೇ ಇದೆ. ಹೊರಡುವಾಗ ಅವರು ಅರ್ಧ ಹಿಟ್ಟನ್ನು ನಮಗೆ ಬಿಡುತ್ತಾರೆ.

“ಇದು ಬಾಡಿಗೆ ಅಲ್ಲ ತಾನೆ?”

“ಕಾಗದ ಓದಿ ಹೇಳ್ತೀನಿ ಡಾಕ್ಟ್ರಮ್ಮಾ,” ಎನ್ನುತ್ತೇನೆ.